ನಲವತ್ತೊಂದನೇ ನಿಮಿಷ

ಏಳೇ ಮನೆಯ ಊರು. ಬಸ್ಸು ಹೋಗದ ಕಡೆ.
ಸಾಗರದಿಂದ ಎಷ್ಟು ದೂರ, ಯಾವ ದಿಕ್ಕು, ಹೇಳುವುದಿಲ್ಲ.
ಅವಳನ್ನು ಗುತ್ಯಮ್ಮ ಅಂತ ಕರೆಯೋಣ.
ಆ ಕಡೆ ಮೂರು ಮನೆಗೊಬ್ಬಳು ಗುತ್ಯಮ್ಮ,
ಇವಳು ಅವರಲ್ಲಿ ಯಾರೂ ಅಲ್ಲ.

ಒಪ್ಪಿಗೆ ಪತ್ರ ಓದಿ ಹೇಳಿದೆ, ಎರಡು ಪುಟ.
'ನಿಮ್ಮ ಗುರುತನ್ನು ಗೌಪ್ಯವಾಗಿಡಲಾಗುವುದು' ಅನ್ನುವಲ್ಲಿ
ತಡೆದಳು: "ಗೌಪ್ಯ ಅಂದ್ರೆ?"
"ಯಾರಿಗೂ ಹೇಳಲ್ಲ ಅಂತ."
"ಮತ್ತೆ ಬರ್ಕಳದು ಯಾಕೆ?"
ನಾನು ನಕ್ಕೆ. ಇಂಕ್ ಪ್ಯಾಡ್ ಮುಂದಿಟ್ಟೆ.
ನೀಲಿ ಹೆಬ್ಬೆಟ್ಟನ್ನು ಅವಳು ಸೆರಗಿಗೆ ಒರೆಸಿಕೊಳ್ಳಲಿಲ್ಲ,
ಹೊಸ್ತಿಲಿಗೆ ಒರೆಸಿದಳು.

ಮಂಗನ ಕಾಯಿಲೆ ಬಂದ ವರ್ಷದ ಮಾತು.
ದರಗು ತರಲು ಕಾನಿಗೆ ಹೋಗುವುದು, ಡೇಪಾ ಎಣ್ಣೆಯ ನಾತ,
ಉಣುಗು ಎಷ್ಟು ಸಣ್ಣದು ಅಂತ ತೋರಿಸಲು
ಉಗುರಿನ ಮೇಲೆ ಇಟ್ಟ ಸಾಸಿವೆ ಕಾಳು.
"ಕಚ್ಚಿದ್ದೇ ಗೊತ್ತಾಗದಿಲ್ಲ ಮಗಾ. ಕುಂತು ಕುಡಿತದೆ ಅಷ್ಟೆ."
ಚಾಪೆಯ ಮೇಲೆ ರೆಕಾರ್ಡರಿನ ಕೆಂಪು ದೀಪ,
ಸಾಸಿವೆಯಷ್ಟೇ.

ನಲವತ್ತೊಂದನೇ ನಿಮಿಷಕ್ಕೆ
ಸೂಜಿಯವರ ಜೀಪು ಬಂದ ಗುರುವಾರದ ಬೆಳಗು.
ಒಂದು ಮಾತು ಹೇಳಿದಳು.
ಹತ್ತೊಂಬತ್ತು ಸೆಕೆಂಡು ಸುಮ್ಮನಿದ್ದಳು. ಅಳೆದಿದ್ದೇನೆ,
ನಡುವೆ ಒಂದು ಕೋಳಿ, ಎಲ್ಲೋ ಪಾತ್ರೆ ಇಟ್ಟ ಸದ್ದು.
ಆಮೇಲೆ: "ಇದೊಂದು ಬರಿಬ್ಯಾಡ. ಮಗನಿಗೆ ಗೊತ್ತಿಲ್ಲ."

ಆ ಮಗನೇ ನನ್ನನ್ನು ಬೈಕಿನಲ್ಲಿ ಟಾರು ರಸ್ತೆಗೆ ಬಿಟ್ಟ.
ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಕೇಳಿದ:
"ಅವ್ವ ಏನಂದ್ಲು ಮೇಡಂ?"
"ಹಳೇ ಕತೆ" ಅಂದೆ.
ಸುಳ್ಳೇನಲ್ಲ.

ಶಂಕರಘಟ್ಟದಲ್ಲಿ ಸರ್ ಹೆಡ್‌ಫೋನ್ ತೆಗೆದಿಟ್ಟು
ಕನ್ನಡಕ ಒರೆಸಿದರು. ಕಣ್ಣು ನಿಜಕ್ಕೂ ಒದ್ದೆ.
ಕೆಟ್ಟವರಲ್ಲ ಅವರು; ಫೆಲೋಶಿಪ್ ನಿಂತ ಎಂಟು ತಿಂಗಳು
ನನ್ನ ಮೆಸ್ ಬಿಲ್ಲು ಕಟ್ಟಿದವರು.
"ಇದೇ ಕಣಮ್ಮ ನಿನ್ನ ಐದನೇ ಅಧ್ಯಾಯ.
ಈ ಒಂದು ಮಾತು ಓದಿದರೆ ಮುಂದಿನ ವರ್ಷ ಹೋಗುವ ನರ್ಸು
ಬಾಗಿಲಲ್ಲಿ ಇನ್ನೂ ಐದು ನಿಮಿಷ ಕೂರುತ್ತಾಳೆ.
ಹೆಸರು ಬದಲಾಯಿಸು, ಆಯ್ತಲ್ಲ."

ಏಳು ಮನೆಯಲ್ಲಿ ಹೆಸರು ಬದಲಾಯಿಸುವುದು ಅಂದರೆ
ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ತನ್ನದೇ ಮನೆಗೆ ಹೋದ ಹಾಗೆ.
ನಾಯಿ ಕೂಡ ಬೊಗಳುವುದಿಲ್ಲ.

ಏಳನ್ನು ಹದಿನೇಳು ಮಾಡಿದೆ.
ಗುರುವಾರವನ್ನು ಸೋಮವಾರ. ಮಗನನ್ನು ಅಳಿಯ.
(ಮೇಲೆ ಬೈಕು ಓಡಿಸಿದವನೂ ಮಗನೇ ಅಂತೇನಿಲ್ಲ.)
ಸತ್ತವಳ ವಯಸ್ಸಿಗೆ ಹತ್ತು ವರ್ಷ ಸೇರಿಸಿದೆ,
ಬದುಕಿದ್ದರೆ ಇಷ್ಟೊತ್ತಿಗೆ ಅಷ್ಟಾಗುತ್ತಿತ್ತೇನೋ.
ಕೊನೆಗೆ ನೋಡಿದರೆ ಅದು ಯಾವ ಊರೂ ಅಲ್ಲ,
ಯಾರೂ ಆಡದ ಮಾತು. ಅಡಿಟಿಪ್ಪಣಿ ಮಾತ್ರ ಗಟ್ಟಿಯಾಗಿ:
'ಕ್ಷೇತ್ರಕಾರ್ಯ, ಸಂಶೋಧಕಿಯಿಂದ.'
ಅವಳನ್ನು ಉಳಿಸಿದರೆ ಮಾತು ಸುಳ್ಳು.
ಮಾತನ್ನು ಉಳಿಸಿದರೆ ಅವಳು

ರೂಮಿನ ತಸ್ಮಿಯಾ ಬಾಟನಿ. ಅವಳ ಗಿಡಗಳು ಮಾತಾಡುವುದಿಲ್ಲ.
"ಸುಮ್ನೆ ಸಬ್ಮಿಟ್ ಮಾಡೇ, ಥೀಸಿಸ್ ಯಾರು ಓದ್ತಾರೆ?" ಅಂದಳು.
ಒಂದು ಕ್ಷಣ ಹಾಯೆನಿಸಿತು.
ಯಾರೂ ಓದದಿದ್ದರೆ ನರ್ಸೂ ಓದುವುದಿಲ್ಲವಲ್ಲ.

ಅನುಬಂಧ ಮೂರರಲ್ಲಿ ಒಂದು ಕಾಲಂ:
ಮಾಹಿತಿದಾರರಿಗೆ ಕೊಟ್ಟದ್ದು. 'ಏನೂ ಇಲ್ಲ' ಅಂತ ತುಂಬಿದೆ.
ಮಾಹಿತಿದಾರರು ಕೊಟ್ಟದ್ದು ಅಂತ ಕಾಲಂ ಇಲ್ಲ.
ಹೊರಡುವಾಗ ಅವಳು ಕೈಗಿಟ್ಟ ಮುರುಗಲ ಸಿಪ್ಪೆ
ಹಾಸ್ಟೆಲ್ ಕಿಟಕಿಯಲ್ಲಿ, ಹಾಲಿನ ಪ್ಯಾಕೆಟ್ಟಿನೊಳಗೆ,
ಇನ್ನೂ ಹುಳಿಯಾಗಿಯೇ ಇದೆ.

ದುರ್ಗಿಗುಡಿಯ ಬೈಂಡಿಂಗ್ ಅಂಗಡಿ. ಐದು ಪ್ರತಿ,
ಕಪ್ಪು ರೆಕ್ಸಿನ್, ಚಿನ್ನದ ಅಕ್ಷರ.
ಪುಟ ಎಣಿಸುತ್ತಿದ್ದ ಹುಡುಗ ನಿಂತ:
"ನೂರಾ ನಲವತ್ಮೂರು ಅರ್ಧ ಖಾಲಿ ಐತಲ್ಲ ಮೇಡಂ,
ಪ್ರಿಂಟ್ ಹೋಗಿದ್ಯಾ?"
ಪೆನ್‌ಡ್ರೈವ್ ನನ್ನ ಮುಷ್ಟಿಯಲ್ಲಿದೆ. ಅದರಲ್ಲಿ ಎರಡೂ ಪ್ರತಿ.
"ಒಂದ್ನಿಮಿಷ" ಅಂದೆ.
ಅಂಟು ತೊಟ್ಟಿಕ್ಕುವ ಬ್ರಷ್ಷು ಹಿಡಿದು
ಅವನು ಕಾಯುತ್ತಿದ್ದಾನೆ.